ನಲವತ್ತೊಂದನೇ ಪುಟದ ಚುಕ್ಕೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಓದುಗರು ತಮ್ಮ ಮೆಚ್ಚಿನ ಲೇಖಕರ ಬಗ್ಗೆ ಬರೆಯುವ ಭಾನುವಾರದ ಅಂಕಣ ನನ್ನ ಪಾಲಿಗೆ ಬಂದಿತ್ತು. ಯಾರು ಇಷ್ಟ, ಏಕೆ ಇಷ್ಟ ಎಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಿದರೆ ಸಾಕು. ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿಯೊಬ್ಬರು ಒಬ್ಬ ಲೇಖಕರನ್ನು ಮೆಚ್ಚಿದ್ದು, ಗಿರಾಕಿ ಬಂದಾಗ ಅವರ ಪುಸ್ತಕವನ್ನು ಎಲ್ಲಿ ಬೇಕಾದರೂ ಮುಚ್ಚಬಹುದು ಎಂಬ ಕಾರಣಕ್ಕೆ. ಹೊಸಮನೆಯ ಗೃಹಿಣಿಯೊಬ್ಬರು ಇನ್ನೊಬ್ಬರನ್ನು ಮೆಚ್ಚಿದ್ದು, ಅವರ ಕಾದಂಬರಿಯ ಅತ್ತೆಯಂದಿರು ತಮ್ಮ ಅತ್ತೆಗಿಂತ ಕೆಟ್ಟವರು ಎಂಬ ಕಾರಣಕ್ಕೆ.

ಭದ್ರಾವತಿಯಿಂದ ಬಂದ ಒಂದು ಕಾರ್ಡು ಪತ್ತೇದಾರಿ ಕಾದಂಬರಿಕಾರರೊಬ್ಬರ ಬಗ್ಗೆ ಇತ್ತು. ಬರೆದವರು ಕಾರ್ಖಾನೆ ನೌಕರರೊಬ್ಬರ ಪತ್ನಿ. "ಇವರ ಕಥೆಯಲ್ಲಿ ಪೊಲೀಸರೂ ಊಟ ಮಾಡುತ್ತಾರೆ, ಕೊಲೆಗಾರನೂ ಊಟ ಮಾಡುತ್ತಾನೆ. ಯಾರನ್ನೂ ಹಸಿದ ಹೊಟ್ಟೆಯಲ್ಲಿ ಬಿಡುವುದಿಲ್ಲ. ನನ್ನ ಯಜಮಾನರಿಗೂ ಇವರೇ ಇಷ್ಟ" ಎಂದಿತ್ತು. ಕೆಳಗೆ, ಜಾಗ ಸಾಲದೆ ಅಕ್ಷರ ಚಿಕ್ಕದು ಮಾಡಿ: "ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗಲೂ ನನಗಿಂತ ಮೊದಲು ಓದಿ ನಲವತ್ತೊಂದನೇ ಪುಟದಲ್ಲಿ ಚುಕ್ಕೆ ಇಡುತ್ತಾರೆ. ಹೊಸ ಪುಸ್ತಕಗಳಲ್ಲೂ. ಇದನ್ನು ದಯವಿಟ್ಟು ಬಿಡದೆ ಹಾಕಿ."

ಖಚಿತವಾಗದ್ದನ್ನು ಅಚ್ಚು ಮಾಡುವಂತಿರಲಿಲ್ಲ. ಒಂದು ಬುಧವಾರ ಮಧ್ಯಾಹ್ನ ಬಸ್ಸು ಹತ್ತಿದೆ.

ಮೊದಲು ಹೋದದ್ದು ಕಾರ್ಡು ಬರೆದವರು ಪುಸ್ತಕ ತರುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗೆ. ಚುಕ್ಕೆ ಎಂದೊಡನೆ ಮಾಲೀಕರು ನಕ್ಕರು.

"ಎಲ್ಲರ್ದೂ ಒಂದೊಂದು ಗುರುತು ಇರುತ್ತೆ ಸಾರ್. ಓದಿದ್ದನ್ನೇ ಮತ್ತೆ ಒಯ್ಯಬಾರ್ದಲ್ಲ. ಒಬ್ರು ನಕ್ಷತ್ರ ಹಾಕ್ತಾರೆ, ಒಬ್ರು ಅಡ್ಡಗೆರೆ. ಒಬ್ಬೊಬ್ರಿಗೆ ಒಂದೊಂದು ಪುಟ. ಪೋಸ್ಟಾಫೀಸಿನೋರು ಒಬ್ರಿದಾರೆ, ಗುರುತೇ ಹಾಕಲ್ಲ. ಒಂದೇ ಪುಸ್ತಕ ಮೂರು ಸಲ ಓದಿದಾರೆ ಮಾರಾಯ್ರೆ, ಮೂರು ಸಲಾನೂ ಕೊಲೆಗಾರ ಯಾರೂಂತ ಗೊತ್ತಾಗ್ಲಿಲ್ಲ."

"ನಲವತ್ತೊಂದನೇ ಪುಟದ ಚುಕ್ಕೆ ಈಗ ಯಾರದು?"

ಅವರ ನಗು ನಿಂತಿತು. "ಯಾರ್ದೂ ಅಲ್ಲ. ತೀರಿಕೊಂಡೋರ ಗುರುತು ಇನ್ನೊಬ್ರಿಗೆ ಕೊಡಲ್ಲ. ಆದ್ರೂ ಬರ್ತಾ ಇದೆ. ಅಕ್ಕ ತೋರಿಸಿದಾರೆ, ನಾನೇ ನೋಡಿದೀನಿ."

ಅಂದು ಬೆಳಿಗ್ಗೆ ಬಂದ ಕಟ್ಟಿನಿಂದ ಅದೇ ಲೇಖಕರ ಹೊಸ ಕಾದಂಬರಿ ತೆಗೆದು, ನನ್ನೆದುರೇ ಆ ಪುಟ ತೆರೆದರು. ಖಾಲಿ ಇತ್ತು. "ಇದನ್ನ ನೀವೇ ಒಯ್ದು ಕೊಡಿ" ಎಂದರು.

ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟ ಮೇಲೆ ಹಿಡಿದ ಬಾಡಿಗೆ ಮನೆಯಲ್ಲಿ ಆ ಮಹಿಳೆ ಒಬ್ಬರೇ ಇದ್ದರು. ಐವತ್ತರ ಆಸುಪಾಸಿನ ವಯಸ್ಸು. ಪುಸ್ತಕ ಕೈಗೆ ಕೊಟ್ಟು ನನ್ನ ಪರಿಚಯ ಹೇಳಿದೆ.

"ಒಂದು ಕಾರ್ಡಿಗೆ ಮನೆ ತನಕ ಬಂದ್ರಾ? ಬೀದಿ ನಲ್ಲೀಲಿ ನೀರಿಲ್ಲ ಅಂತ ನಾಲ್ಕು ಸಲ ಬರೆದೆ, ಒಬ್ರೂ ಬರ್ಲಿಲ್ಲ."

ನೀರಿನ ಕಥೆಯನ್ನು ವಿವರವಾಗಿ ಹೇಳುತ್ತಲೇ ಅವರು ಗೋಡೆಯ ಗೂಡಿನಿಂದ ಒಂದು ಇಂಕ್ ಪೆನ್ನು ತೆಗೆದರು. ಪುಸ್ತಕ ತೆರೆದು ಹಾಳೆ ತಿರುವಿದರು. ಪುಟದ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು, ಬಾಯಿಂದ ಊದಿ ಆರಿಸಿ, ಪೆನ್ನಿಗೆ ಮುಚ್ಚಳ ಹಾಕಿ ಮತ್ತೆ ಗೂಡಿನಲ್ಲಿಟ್ಟರು. ಇಷ್ಟೆಲ್ಲ ಮಾಡುವಾಗ ಅವರ ಮಾತು ಎಲ್ಲೂ ತಡವರಿಸಲಿಲ್ಲ, ಕಣ್ಣು ಹೆಚ್ಚಾಗಿ ನನ್ನ ಮೇಲೇ ಇತ್ತು. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಕುಳಿತು, ಪುಸ್ತಕವನ್ನು ಮೊದಲ ಸಲ ಮುಟ್ಟುವವರಂತೆ ಎತ್ತಿಕೊಂಡು, ನಲವತ್ತೊಂದನೇ ಪುಟ ತೆರೆದು ನನ್ನ ಕಡೆ ತಿರುಗಿಸಿದರು.

"ನೋಡಿ. ಇದೂ ಓದಿ ಆಗಿದೆ ಅವರದು."

ಆ ಮುಖದಲ್ಲಿ ನಟನೆ ಇರಲಿಲ್ಲ, ಸಂತೋಷ ಇತ್ತು. ಕಂಡದ್ದನ್ನು ನಾನು ಹೇಳಲಿಲ್ಲ. ಕಾಫಿ ಮುಗಿಸಿ ಹೊರಟೆ.

ಆ ಭಾನುವಾರ ಕಾರ್ಡಿನ ಮೊದಲ ಭಾಗ ಮಾತ್ರ ಹಾಕಿದೆ. ಚುಕ್ಕೆಯ ಸಾಲುಗಳನ್ನು ಹೊಡೆದುಹಾಕಿದೆ. ಪತ್ರಿಕೆಯ ನಿಯಮದ ಪ್ರಕಾರ ಅದು ಸರಿಯಾಗಿತ್ತು.

ಮೂರು ವಾರದ ಮೇಲೆ ಎರಡನೇ ಕಾರ್ಡು ಬಂತು. "ನೀವು ಅವರ ವಿಷಯ ಬಿಟ್ಟುಬಿಟ್ಟಿರಿ. ಅವರು ಪೇಪರ್ ತಪ್ಪದೆ ಓದುವವರು. ಅಂದಿನಿಂದ ಚುಕ್ಕೆ ಬಂದಿಲ್ಲ. ಅವರು ಓದದ ಪುಸ್ತಕ ನಾನು ಓದಲಾರೆ."

ಲೈಬ್ರರಿಗೆ ಫೋನು ಮಾಡಿದೆ.

"ವಾರಕ್ಕೊಂದು ಒಯ್ತಾರೆ, ಹಂಗೇ ವಾಪಸ್ ತಂದಿಡ್ತಾರೆ" ಎಂದರು ಮಾಲೀಕರು. "ಸೊರಗಿಬಿಟ್ಟಿದಾರೆ ಸಾರ್. ಊಟಾನೂ ಸರಿಯಾಗಿ ಮಾಡ್ತಿಲ್ಲ ಅಂತ ಪಕ್ಕದ ಮನೆಯೋರು ಹೇಳಿದ್ರು. ಏನು ಬರೆದ್ರಿ ನೀವು?"

"ಬರೆದಿಲ್ಲ. ಬಿಟ್ಟೆ."

ಅಂದು ಮನೆಯಲ್ಲಿ ಕಂಡದ್ದನ್ನು ಮೊದಲ ಸಲ ಅವರಿಗೆ ಹೇಳಿದೆ. "ನಾಳೆ ಒಂದ್ಸಲ ಬಂದು ಹೋಗಿ ಸಾರ್" ಎಂದರು.

ಮರುದಿನ ಭದ್ರಾವತಿಗೆ ಹೋದೆ. ಆ ವಾರ ಅಕ್ಕನಿಗೆ ಕೊಡಬೇಕೆಂದು ತೆಗೆದಿಟ್ಟಿದ್ದ ಕಾದಂಬರಿ ಲೈಬ್ರರಿಯ ಮೇಜಿನ ಮೇಲಿತ್ತು. ವರದಿಗೆ ಸುಳ್ಳು ಸೇರಿಸುವ ಅಭ್ಯಾಸ ನನಗಿರಲಿಲ್ಲ. ಪೆನ್ನು ತೆಗೆದು ನಲವತ್ತೊಂದನೇ ಪುಟದ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟೆ. ಮಾಲೀಕರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇನ್ನೂ ಕೆಳಗೆ ಸಾರ್. ಅವರು ಅಷ್ಟು ಮೇಲೆ ಇಡ್ತಿರ್ಲಿಲ್ಲ."

ಅಳಿಸಲು ಬರುವಂತಿರಲಿಲ್ಲ. ಅದರ ಕೆಳಗೆ ಇನ್ನೊಂದು ಇಟ್ಟೆ.

ಮುಂದಿನ ವಾರ ಮಾಲೀಕರೇ ಕಚೇರಿಗೆ ಫೋನು ಮಾಡಿದರು. ಅಕ್ಕ ಆ ಪುಸ್ತಕ ಪೂರ್ತಿ ಓದಿ ತಂದಿದ್ದರು, ಇನ್ನೆರಡು ಒಯ್ದಿದ್ದರು, ನಗುತ್ತ ಮಾತಾಡಿದ್ದರು.

"ಆದ್ರೆ ಸಾರ್" ಎಂದು ದನಿ ತಗ್ಗಿಸಿದರು. "ಆ ಪುಟದಲ್ಲಿ ಈಗ ಮೂರು ಚುಕ್ಕೆ ಇದೆ. ಮೂರನೇದು ಸರಿಯಾದ ಜಾಗದಲ್ಲಿದೆ."