ಪುಡಿ ತಿಂದ ಕಡೆಯ ಮರಿಗಳು

ಹರಿಣಿ ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಕೆಲಸ ಫರೀದಾಬಾದಿನ ಕೋಳಿ ಆಹಾರದ ಕಂಪನಿಯೊಂದರಲ್ಲಿ. ಮಯೂರ್ ವಿಹಾರದ ಮನೆಗೆ ಬಂದವರು ಸೊಸೆಯ ಕೆಲಸ ಏನೆಂದು ಕೇಳಿದರೆ ಅತ್ತೆ ಲೀಲಮ್ಮ, "ಕೋಳಿ ಹಿಕ್ಕೆ ಪರೀಕ್ಷೆ ಮಾಡ್ತಾಳೆ. ಅದಕ್ಕೂ ಎಂಎಸ್ಸಿ ಬೇಕಂತೆ," ಎನ್ನುತ್ತಿದ್ದರು.

ಮಾತು ಸುಳ್ಳಲ್ಲ. ಗಟ್ಟಿಮುಟ್ಟಾದ ನಾಟಿ ಕೋಳಿಗಳ ಹಿಕ್ಕೆಯಿಂದಲೇ ಅವಳು ಒಂದು ಒಳ್ಳೆಯ ಬ್ಯಾಕ್ಟೀರಿಯಾ ಬೇರ್ಪಡಿಸಿ, ವರ್ಷಗಟ್ಟಲೆ ಸಾಕಿ, ಮೇವಿಗೆ ಬೆರೆಸುವ ಪುಡಿ ಮಾಡಿದ್ದಳು. ಅದು ಮರಿಯ ಕರುಳಿನಲ್ಲಿ ಮೊದಲೇ ನೆಲೆಯೂರಿದರೆ ಕೆಟ್ಟ ಜೀವಾಣುಗಳಿಗೆ ಜಾಗ ಸಿಗದು, ತಿಂದದ್ದು ಮೈಗೆ ಹತ್ತುತ್ತದೆ. ಆ್ಯಂಟಿಬಯಾಟಿಕ್ ತಿನ್ನಿಸಿ ತಿನ್ನಿಸಿ ಬೆಳೆಸುವುದು ತಪ್ಪುತ್ತದೆ.

ಮಾಲೀಕ ದಿಲೀಪ್ ಒಂದೇ ಒಂದು ಅವಕಾಶ ಕೊಟ್ಟರು. ಒಂದು ಶೆಡ್ಡು, ನಡುವೆ ಜಾಲರಿ. ಎರಡೂ ಕಡೆ ಒಂದೇ ತಳಿ, ಒಂದೇ ಮೇವು. ಎಡಗಡೆಗೆ ಮಾತ್ರ ಪುಡಿ. ಎಡಗಡೆಯ ಸರಾಸರಿ ತೂಕ ಹೆಚ್ಚಿದರೆ ಪುಡಿ ಮಾರುಕಟ್ಟೆಗೆ, ಇಲ್ಲದಿದ್ದರೆ ಪುಡಿಯ ಕೆಲಸ ಅಲ್ಲಿಗೇ ನಿಂತಂತೆ. ಹಿಂದಿಯಲ್ಲಿ ಹೇಳಿದ್ದು ತಪ್ಪಾಗಿ ತಿಳಿಯಬಾರದೆಂದು ಹರಿಣಿ ಕನ್ನಡದವನನ್ನೇ ಬೇಡಿ ಶೆಡ್ಡಿಗೆ ಹಾಕಿಸಿಕೊಂಡಳು. ಸೈನ್ಯದಿಂದ ನಿವೃತ್ತನಾಗಿ ಇಲ್ಲೇ ಉಳಿದಿದ್ದ ಬಸವರಾಜ ಬಂದ.

ತೂಕದ ದಿನ ಎರಡೂ ಕಡೆ ಸರಾಸರಿ ಹೆಚ್ಚುಕಡಿಮೆ ಒಂದೇ ಬಂತು. ತಕ್ಕಡಿ ಸರಿಪಡಿಸಿ ಮತ್ತೆ ತೂಗಿದಳು. ಮತ್ತೆ ಅಷ್ಟೇ ಬಂತು.

"ಯಾಕ್ರೀ ಮೇಡಂ, ಮುಖ ಸಣ್ಣ ಮಾಡ್ಕೊಂಡ್ರಿ?" ಎಂದ ಬಸವರಾಜ. "ನಿಮ್ಮ ಪುಡಿ ಸಾಮಾನ್ಯದ್ದಲ್ಲ. ಬಲಗಡೆ ಕತ್ತು ಎತ್ತದೆ ತೂಕಡಿಸ್ತಿದ್ವಲ್ಲ, ಅವನ್ನ ಆರಿಸಿ ಆರಿಸಿ ಎಡಗಡೆ ಬಿಟ್ಟೆ. ಒಂದೂ ಸಾಯಲಿಲ್ಲ!"

ಹರಿಣಿಯ ಕೈ ತಕ್ಕಡಿಯ ಮೇಲೆಯೇ ನಿಂತಿತು. "ಯಾವಾಗಿಂದ?"

"ಮೊದಲನೇ ವಾರದಿಂದಾನೇ. ಲೆಕ್ಕ ತಪ್ಪಬಾರದು ಅಂತ ಎಡಗಡೆಯ ದಪ್ಪನೆಯವನ್ನ ಅಷ್ಟೇ ಎಣಿಸಿ ಬಲಗಡೆ ಹಾಕ್ದೆ. ಮಿಲಿಟರಿ ಲೆಕ್ಕ, ಮೇಡಂ."

"ಯಾವ್ಯಾವ ಮರಿ ಅಂತ ಗುರುತಿದೆಯಾ?"

"ಕೋಳಿಗೆ ಏನ್ ಗುರುತು? ಔಷಧಿ ಪಕ್ಕದಲ್ಲೇ ಇಟ್ಕೊಂಡು ಸಾಯೋದನ್ನ ನೋಡ್ತಾ ಕೂರೋಕಾಗುತ್ತಾ?"

ಮೇವು, ನೀರು, ಶಾಖ ಎಲ್ಲವನ್ನೂ ಅವಳು ಬಿಡಿಸಿ ಹೇಳಿದ್ದಳು. ಮರಿಗಳನ್ನು ಅದಲುಬದಲು ಮಾಡಬಾರದೆಂದು ಮಾತ್ರ ಹೇಳಿರಲಿಲ್ಲ. ಯಾರಾದರೂ ಮಾಡಿಯಾರೆಂದು ಹೊಳೆದಿರಲಿಲ್ಲ. ಆ ಪುಡಿಯನ್ನು ಅಷ್ಟು ನಂಬಿದವನು ಅವನೊಬ್ಬನೇ. ಆ ನಂಬಿಕೆಯೇ ಪುರಾವೆಯನ್ನು ನುಂಗಿತ್ತು.

ನಿಜ ಹೇಳಿದರೆ ಅವನ ಕೆಲಸ ಹೋಗುತ್ತದೆ, ಆದರೂ ಪುಡಿ ಉಳಿಯುವುದಿಲ್ಲ. "ನನ್ನ ಸೂಚನೆಯಲ್ಲಿ ಲೋಪವಿತ್ತು. ಇನ್ನೊಂದು ಬ್ಯಾಚ್ ಕೊಡಿ, ಸರ್," ಎಂದಷ್ಟೇ ದಿಲೀಪ್ ಅವರನ್ನು ಕೇಳಿದಳು.

"ಅಚ್ಛಾ, ಲೋಪ ನಿಮ್ಮದು, ಖರ್ಚು ನನ್ನದಾ?" ದಿಲೀಪ್ ತಲೆ ಎತ್ತಲಿಲ್ಲ. "ಚಲೋ, ಬಿಟ್ಬಿಡಿ ಹರಿಣಿಯವರೇ. ಆ ಫ್ರಿಜ್ ಖಾಲಿ ಮಾಡಿ."

ಫ್ರಿಜ್ಜಿನಲ್ಲಿ ಕಾಪಾಡಿಕೊಂಡು ಬಂದಿದ್ದ ಬ್ಯಾಕ್ಟೀರಿಯಾವನ್ನು ಅವಳೇ ಬಿಸಿ ಹಬೆಯಲ್ಲಿಟ್ಟು ಕೊಂದಳು. ನಿಯಮ ಹಾಗೇ ಇದೆ.

ಮೇ ತಿಂಗಳಲ್ಲಿ ಹೊಸ ಮರಿಗಳು ಬಂದವು, ಜೊತೆಗೆ ಆ್ಯಂಟಿಬಯಾಟಿಕ್ ಬೆರೆಸಿದ ಮೇವಿನ ಮೂಟೆಗಳು. ಬಸವರಾಜ ಅವಳನ್ನು ಪಕ್ಕಕ್ಕೆ ಕರೆದು, ತಗಡಿನ ಮಾಡಿನ ಕೆಳಗೆ ಸಿಕ್ಕಿಸಿಟ್ಟಿದ್ದ ಸ್ಟೀಲ್ ಡಬ್ಬಿ ತೆಗೆದು ತೋರಿಸಿದ. ಒಳಗೆ ಅವಳ ಪುಡಿ, ಎರಡು ಹಿಡಿ.

"ಸೊರಗಿದವಕ್ಕೆ ಇರಲಿ ಅಂತ ಎತ್ತಿಟ್ಟಿದ್ದೀನಿ. ಯಾರಿಗೂ ಹೇಳ್ಬೇಡಿ."

ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಆ ಕಾವಿನಲ್ಲಿ ಪುಡಿಯೊಳಗೆ ಜೀವವಿರುವುದು ಏನೂ ಉಳಿದಿರಲಾರದು.

"ಒಳ್ಳೇದು ಮಾಡಿದ್ರಿ," ಎಂದು ಹರಿಣಿ ಮುಚ್ಚಳ ಮುಚ್ಚಿದಳು.