ಬಸವರಾಜನ ಹೆಸರಿಗೆ ಚಾಚಿದ ತೋಳು

ಕಳೆದ ವಾರ ಮೈಸೂರಿನ ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ನರ್ಸ್ ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಾಗ ಹಳೆಯ ರಬ್ಬರಿನ ವಾಸನೆ ಬಂತು. ಅಂಕಿ ನೋಡಿ ಹುಬ್ಬೇರಿಸಿದಳು. "ಮಾತ್ರೆ ದಿನಾ ತಗೋತೀರಾ ಸರ್?" "ಹೂಂ," ಎಂದೆ. ಅದು ಸುಳ್ಳು. ಆದರೆ ದಾರಿಯುದ್ದಕ್ಕೂ ಕಾಡಿದ್ದು ಆ ಸುಳ್ಳಲ್ಲ, ಆ ವಾಸನೆ. ತೊಂಬತ್ತರ ದಶಕದ ಕೊಚ್ಚಿಯದು.

ಆಗ ಕಲೂರಿನ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದವನು ಧಾರವಾಡದ ಬಸವರಾಜ. ಇಬ್ಬರೂ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹಗಲು ಇಬ್ಬರೂ ಫೈಲು ಎತ್ತುತ್ತಿದ್ದೆವು. ಸಂಜೆ ಅವನೊಬ್ಬ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನ ಜಿಮ್ಮಿನಲ್ಲಿ ಕಬ್ಬಿಣ ಎತ್ತುತ್ತಿದ್ದ. ಅವನ ತೋಳು ನನ್ನ ತೊಡೆಯಷ್ಟಿತ್ತು ಎಂದು ಬರೆಯಲು ಕೈ ಹೋಗುತ್ತದೆ. ನನ್ನ ತೊಡೆ ಎಷ್ಟಿತ್ತೆಂದು ನೀವು ಕೇಳಬಾರದು.

ತಿರುವನಂತಪುರದಲ್ಲಿ ಕಚೇರಿಗಳ ನಡುವೆ ಭಾರ ಎತ್ತುವ ಸ್ಪರ್ಧೆ. ಅದಕ್ಕೆ ವೈದ್ಯರ ಸರ್ಟಿಫಿಕೇಟ್ ಬೇಕು. ಮೊದಲು ಹೋದ ಕಡೆ ಬಸವರಾಜನ ಬಿ.ಪಿ. ಜಾಸ್ತಿಯಿದೆ ಎಂದು ಕೊಡಲಿಲ್ಲ.

"ಆ ಪಟ್ಟಿ ನಿನ್ನಂಥವರಿಗೆ ಮಾಡಿದ್ದು. ನನ್ನ ತೋಳಿಗೆ ಸಾಲಂಗಿಲ್ಲ. ಸಾಲದಿದ್ರ ಜಾಸ್ತೀನ ತೋರಸ್ತದ," ಎಂದ.

ಅದು ನಿಜವೂ ಹೌದು. ದಪ್ಪ ತೋಳಿಗೆ ಕಿರಿದಾದ ಪಟ್ಟಿ ಕಟ್ಟಿದರೆ ಅಂಕಿ ಏರುತ್ತದೆ. ಅರ್ಧ ನಿಜ ಸಿಕ್ಕರೆ ಉಳಿದರ್ಧವನ್ನು ಓದಿದವರು ತಾವೇ ಹೊಲಿದುಕೊಳ್ಳುತ್ತಾರೆ. ನಾನು ಎಂ.ಎ. ಮಾಡಿದವನು. ಎಡಪ್ಪಳ್ಳಿಯ ಗುರುತಿಲ್ಲದ ಕ್ಲಿನಿಕ್ಕೊಂದಕ್ಕೆ ಹೋಗಿ, ಬಸವರಾಜನ ಹೆಸರು ಹೇಳಿ, ನನ್ನ ತೋಳು ಚಾಚಿದೆ.

ಕಾಂಪೌಂಡರ್ ಫಾರಂ ನೋಡಿದ, ನನ್ನ ತೋಳು ನೋಡಿದ. "ಚೇಟ್ಟನಾಣೋ ವೆಯ್ಟ್ ಎಡುಕ್ಕುನ್ನದ್?" ಭಾರ ಎತ್ತುವವರು ಅಣ್ಣನವರೇ ಏನು, ಎಂದು.

"ಎಲ್ಲಾ ಟೆಕ್ನಿಕ್," ಎಂದೆ.

ನೂರಿಪ್ಪತ್ತಕ್ಕೆ ಎಂಬತ್ತು. ಸರ್ಟಿಫಿಕೇಟ್ ಸಿಕ್ಕಿತು.

ತಿರುವನಂತಪುರದಲ್ಲಿ, ಸರದಿಗೆ ಮುನ್ನ, ಬಸವರಾಜ ಅಂಗಳದ ಮೂಲೆಯಲ್ಲಿ ಕಬ್ಬಿಣ ಎತ್ತಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದ. ಎತ್ತುವಾಗ ಉಸಿರು ಬಿಗಿಹಿಡಿಯುವುದು ಅವನ ಅಭ್ಯಾಸ. ಶೆಡ್ಡಿನಲ್ಲಿ ಅದನ್ನೇ ಶೌರ್ಯ ಎನ್ನುತ್ತಿದ್ದರು. ಅವತ್ತು ಅವನ ಮುಖ ನೇರಳೆಯಾಯಿತು, ಕತ್ತಿನ ನರಗಳು ಹಗ್ಗವಾದವು. ಕಬ್ಬಿಣ ಇಳಿಸಿ ತಲೆ ಹಿಡಿದು ಕುಳಿತ.

"ಏನಿಲ್ಲೋ, ಸ್ವಲ್ಪ ಕಣ್ಣಿಗೆ ಕತ್ತಲಿ ಬಂತು."

ಮುಂದಿನದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ: ನಾನು ನೆಟ್ಟಗೆ ಸ್ಪರ್ಧೆಯ ಡಾಕ್ಟರ ಬಳಿ ನಡೆದುಹೋಗಿ "ಆ ಸರ್ಟಿಫಿಕೇಟಿನಲ್ಲಿರುವ ತೋಳು ನನ್ನದು" ಎಂದೆ, ಅವರು ಅಗಲದ ಪಟ್ಟಿ ತರಿಸಿ ಅಳೆದರು, ಅಂಕಿ ಆಗಲೂ ಇಳಿಯಲಿಲ್ಲ, ಬಸವರಾಜ ಎತ್ತಲಿಲ್ಲ.

ಹಿಂತಿರುಗುವ ರೈಲು ಕೊಲ್ಲಂ ದಾಟಿತ್ತು. ಅವನು ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಇದನ್ನ ನಂಬಿ ಬಂದೆ ನೋಡು, ನಾನೂ ಶಾಣ್ಯಾ," ಎಂದ. ಕೊಚ್ಚಿಗೆ ಮರಳಿ ಮಾತ್ರೆ ಶುರು ಮಾಡಿದ. ಕೆಲವು ತಿಂಗಳ ನಂತರ ಡಾಕ್ಟರು ಒಪ್ಪಿದಷ್ಟೇ ಭಾರ, ಉಸಿರು ಬಿಡುತ್ತಾ ಬಿಡುತ್ತಾ. ಈಗಲೂ ಧಾರವಾಡದಲ್ಲಿ ಹಾಗೇ ಎತ್ತುತ್ತಾನೆ.

ಕ್ಲಿನಿಕ್ಕಿನಿಂದ ಬಂದವನು ಆ ವರ್ಷದ ಡೈರಿ ಹುಡುಕಿದೆ. ನನ್ನ ಶೌರ್ಯವನ್ನು ನನ್ನದೇ ಅಕ್ಷರದಲ್ಲಿ ಓದುವ ಆಸೆ. ಅಲ್ಲಿದ್ದದ್ದು ಇಷ್ಟು: "ಡಾಕ್ಟರು ಬಂದು ಬಸವರಾಜ ತಲೆ ಯಾಕೆ ಹಿಡಿದಿದ್ದಾನೆ ಎಂದರು. ಸುಮ್ಮನಿದ್ದೆ. ಎರಡನೇ ಸಲ ಸರ್ಟಿಫಿಕೇಟ್ ತೋರಿಸಿ ಕೇಳಿದರು. ಹೇಳಿದೆ."

ನಡೆದು ಬಂದವರು ಡಾಕ್ಟರು, ನಾನಲ್ಲ. ಇಷ್ಟು ವರ್ಷ ಆ ನಾಲ್ಕು ಹೆಜ್ಜೆಗಳನ್ನು ನಾನು ನಡೆದಂತೆ ಹೇಳಿಕೊಂಡು ಬಂದಿದ್ದೆ. ಆ ಎರಡು ಪ್ರಶ್ನೆಗಳ ನಡುವೆ ಬಸವರಾಜನ ಹೆಸರು ಕೂಗಿದ್ದರೆ, ಅವನು ಎದ್ದು ಹೋಗಿ ಎತ್ತುತ್ತಿದ್ದ.

ಇವತ್ತು ಮತ್ತೆ ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸ್ ಪಟ್ಟಿ ಬಿಡಿಸಿ ಕೈಯಲ್ಲಿ ಹಿಡಿದಿದ್ದಳು, ಇನ್ನೂ ಏನೂ ಕೇಳಿರಲಿಲ್ಲ.

"ಮಾತ್ರೆ ವಾರಕ್ಕೆ ಮೂರು ದಿನ ತಗೋತೀನಮ್ಮಾ," ಎಂದೆ, "ಉಳಿದ ದಿನ ಬಿಡ್ತೀನಿ." ಹೇಳಿಯಾದ ಮೇಲೆ ತೋಳು ಚಾಚಿದೆ.