ತಮ್ಮನ ಹೂವಿಗೆ ಹಚ್ಚಿದ ಗಂಧ

ನಮ್ಮೂರಿನ ಕಬಡ್ಡಿ ತಂಡದ ಅಭಿಮಾನಿಯಾಗಿರಲು ಗಟ್ಟಿ ಗುಂಡಿಗೆ ಬೇಕು. ಹಿಟ್ನಾಳದ ಹತ್ತಿರ, ಹೆದ್ದಾರಿಗೆ ಅಂಟಿಕೊಂಡ ಸಣ್ಣ ಊರು ನಮ್ಮದು. ಆಟಗಾರರು ಒಳ್ಳೆಯವರೇ. ಸೋಲಿಸುವ ಕೆಲಸವನ್ನು ನಮ್ಮ ಅಧ್ಯಕ್ಷರು ತಾವೇ ಮುಂದೆ ನಿಂತು ಮಾಡುತ್ತಾರೆ. ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಅವರು ಒಂದು ದಿನವೂ ಅಂಕಣದ ಮಣ್ಣು ತುಳಿದವರಲ್ಲ. ಆದರೂ ವಿರಾಮದಲ್ಲಿ ಹುಡುಗರನ್ನು ಕರೆದು ತಮ್ಮ ತಂತ್ರ ತಿಳಿಸುತ್ತಾರೆ: "ಹಿಡೀರಿ. ಹಿಡದರ ಬಿಡಬ್ಯಾಡ್ರಿ." ಇಷ್ಟು ಆಳವಾದ ವಿದ್ಯೆ ಎದುರಾಳಿಗಳಿಗೆ ಸಿಗಬಾರದೆಂದು ಕಿವಿಯಲ್ಲಿ ಹೇಳುತ್ತಾರೆ.

ನಾಯಕನ ಆಯ್ಕೆ ಇನ್ನೂ ಚಂದ. ಶನಿವಾರ ಹನುಮಪ್ಪನ ಗುಡಿಯಲ್ಲಿ ಇಬ್ಬರ ಹೆಸರು ಹೇಳಿ, ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ದೇವರ ಎದೆಯ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತಾರೆ. ಯಾರ ಹೂವು ಮೊದಲು ಬೀಳುತ್ತದೆಯೋ ಅವನೇ ನಾಯಕ. ಮದುವೆ, ಬೋರು, ಬಿತ್ತನೆ ಎಲ್ಲದಕ್ಕೂ ನಮ್ಮಲ್ಲಿ ದೇವರನ್ನು ಹೀಗೆ ಕೇಳುತ್ತಾರೆ. ಅವುಗಳಲ್ಲಿ ಹನುಮಪ್ಪ ಒಮ್ಮೊಮ್ಮೆ ಮನಸ್ಸು ಬದಲಿಸುವುದುಂಟು. ಕಬಡ್ಡಿಯಲ್ಲಿ ಮಾತ್ರ ಸತತ ನಾಲ್ಕು ವರ್ಷ ಅಧ್ಯಕ್ಷರ ಅಳಿಯನನ್ನೇ ಮೆಚ್ಚಿದ್ದ. ಆ ಅಳಿಯ ರೇಡಿಗೆ ಹೋದರೆ ಮುಟ್ಟಿ ಬರುವುದು ನಡುಗೆರೆಯನ್ನಷ್ಟೇ.

ಪ್ರತಿ ವರ್ಷ ಎರಡನೆಯ ಹೂವು ನನ್ನ ತಮ್ಮನದು. ಮೂವರು ಕಾಲು ಹಿಡಿದರೂ ಅವರನ್ನು ಎಳೆದುಕೊಂಡೇ ಗೆರೆ ಮುಟ್ಟುವವನು ಅವನು.

"ದೇವರು ಬೀಳಸಂಗಿಲ್ರಿ, ಹಚ್ಚೋ ಕೈ ಬೀಳಸತೈತಿ" ಎಂದು ನಾನು ಚಹಾದಂಗಡಿಯಲ್ಲಿ ದಿನಾ ಹೇಳುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಕಳೆದ ವರ್ಷ ಆ ಮಾತು ಅಧ್ಯಕ್ಷರ ಕಿವಿಗೆ ಬಿತ್ತು. ನನ್ನನ್ನು ಗುಡಿಯ ಹಿಂದಕ್ಕೆ ಕರೆದರು.

"ಭಾಳ ಮಾತಾಡ್ತಿಯಲ್ಲೋ. ಈ ಸಲ ಹೂವ ನೀನ ಹಚ್ಚು. ಕಮಿಟಿಗೂ ಬಾ. ಸಲಹೆಗಾರ ಅಂತ ಮಾಡ್ತೀನಿ. ನನ್ನ ಬಾಜೂಕ ಕುರ್ಚಿ."

"ಖರೇನ್ರಿ?"

"ಖರೇನ. ನಿನ್ನ ತಮ್ಮನ ಹೂವಿಗೆ ಒಂದೀಟು ಗಂಧ ಹಚ್ಚು, ಗಟ್ಟಿ ನಿಂದರಬೇಕು. ಅಷ್ಟ ಕೆಲಸ. ಮುಂದಿನ ವರ್ಷ ಅವನ ಆಗ್ಲಿ."

ನಾನು ಐದನೇ ತರಗತಿಗೆ ಶಾಲೆ ಬಿಟ್ಟವನು. ನನ್ನನ್ನು ಯಾರೂ ಯಾವುದಕ್ಕೂ ಸಲಹೆ ಕೇಳಿದ್ದಿಲ್ಲ; ಹೆಂಡತಿ ಪಲ್ಯದ ಉಪ್ಪಿಗೂ ಕೇಳುವುದಿಲ್ಲ. ಸಲಹೆಗಾರ ಎಂಬ ಮಾತು ಕೇಳಿದೊಡನೆ ನನ್ನ ನಾಲ್ಕು ವರ್ಷದ ಸಿಟ್ಟು ಎಲ್ಲಿ ಹೋಯಿತೋ! ತಮ್ಮನ ಹೂವಿಗೆ ದಪ್ಪಗೆ ಗಂಧ ಹಚ್ಚಿದೆ. ಅಳಿಯನ ಹೂವು ನಾನು ಕೈ ತೆಗೆಯುವಷ್ಟರಲ್ಲಿ ಬಿತ್ತು. ತಮ್ಮನದು ಮರುದಿನ ಪೂಜಾರಿ ನೀರು ಹಾಕಿ ತೊಳೆಯುವವರೆಗೂ ನಿಂತಿತ್ತಂತೆ.

ಗಂಗಾವತಿಯ ಫೈನಲ್ಲಿನಲ್ಲಿ ನಾವು ಎರಡು ಅಂಕ ಮುಂದಿದ್ದೆವು. ನಮ್ಮ ಪಾಲಿನ ಕೊನೆಯ ರೇಡು. ತಮ್ಮನನ್ನು ಕಳಿಸದೆ ನಮ್ಮ ನಾಯಕ ತಾನೇ ಹೋದ. ಸುಮ್ಮನೆ ಗೆರೆ ದಾಟಿ ಬಂದಿದ್ದರೂ ಸಾಕಿತ್ತು. ತನ್ನ ಹೆಂಡತಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದುದರಿಂದ ಒಳಗೆ ನುಗ್ಗಿದ, ಸಿಕ್ಕಿಬಿದ್ದ. ಆಗಲೇ ಔಟಾಗಿ ಹೊರಗಿದ್ದವರು ಐವರು. ಉಳಿದಿದ್ದ ತಮ್ಮನೊಬ್ಬನನ್ನು ಎದುರಾಳಿಗಳು ತಮ್ಮ ರೇಡಿನಲ್ಲಿ ಮುಟ್ಟಿದರು; ಇಡೀ ತಂಡ ಔಟು, ಅದರ ಹೆಚ್ಚಿನ ಅಂಕವೂ ಅವರಿಗೇ ಹೋಗಿ ನಾವು ಸೋತೆವು. "ಏನ್ ಆಡಿದ ನೋಡು ನಮ್ಮ ಅಳಿಯ!" ಎಂದರು ಅಧ್ಯಕ್ಷರು. ಸಲಹೆಗಾರನಾದ ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೂತು ತಲೆಯಾಡಿಸಿದೆ.

ಸೋಲಿನ ಮಾತನ್ನು ನನ್ನ ತಮ್ಮ ಎತ್ತಲೇ ಇಲ್ಲ. ಅವನಿಗೆ ಬೇರೆಯ ಚಿಂತೆ ಹತ್ತಿತ್ತು. ಶನಿವಾರ ಉಪವಾಸ ಹಿಡಿದ. ತತ್ತಿ ತಿನ್ನುವುದನ್ನು ಬಿಟ್ಟ. ಅಭ್ಯಾಸಕ್ಕೆ ಬರುವುದನ್ನೂ ಬಿಟ್ಟ. ಕೊನೆಗೊಂದು ದಿನ ನನ್ನನ್ನೂ ಕರೆದುಕೊಂಡು ಹನುಮನಹಳ್ಳಿಗೆ ಹೋಗಿ ಅಂಜನಾದ್ರಿ ಹತ್ತತೊಡಗಿದ. ಅರ್ಧ ಬೆಟ್ಟ ಹತ್ತಿ, ಮೆಟ್ಟಿಲ ಮೇಲೆ ನಿಂತು ಕೇಳಿದ:

"ಯಣ್ಣಾ, ನಾ ಏನ್ ತಪ್ಪ ಮಾಡೇನಿ? ಹನುಮಪ್ಪ ಯಾಕ ನನ್ನ ಹೂವ ಅಷ್ಟ ಗಟ್ಟಿ ಹಿಡಕೊಂಡ?"

ಅಲ್ಲಿ ಹೇಳಿಬಿಟ್ಟೆ. ಗಂಧ, ಕುರ್ಚಿ, ಎಲ್ಲ.

ಬೈಯುತ್ತಾನೆ ಅಂದುಕೊಂಡಿದ್ದೆ. "ಹಂಗಾರ ದೇವರು ಒಲ್ಲೆ ಅಂದಿಲ್ಲ" ಎಂದ, ತನ್ನಷ್ಟಕ್ಕೆ ತಾನು. ಆಮೇಲೆ ನನ್ನ ಕಡೆ ನೋಡಿದ. "ಊರ ಮುಂದ ನನ್ನ ಮಾರಿ ತಗ್ಗಿಸಿದಿ. ಊರ ಮುಂದನ ಹೇಳು. ಅಲ್ಲೀತನಕಾ ನಾ ಅಂಕಣಕ್ಕ ಇಳಿಯಂಗಿಲ್ಲ."

ಮುಂದಿನ ಭಾನುವಾರ ಅಭ್ಯಾಸದ ಹೊತ್ತಿಗೆ ಎಲ್ಲರೂ ಸೇರಿದ್ದರು. ತಮ್ಮ ದೂರ ಬೇವಿನ ಗಿಡದ ಕೆಳಗೆ ನಿಂತಿದ್ದ. ನಾನು ಎದ್ದು ನಿಂತೆ. ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದಾಗ ನನಗೆ ಗೊತ್ತಿರುವುದು ಒಂದೇ ದಾರಿ, ಚಹಾದಂಗಡಿಯದು. "ಕೇಳ್ರಪಾ! ಹನುಮಪ್ಪಗ ಕಬಡ್ಡಿ ಬರಂಗಿಲ್ಲಂತ. ಅದಕ್ಕ ಅಧ್ಯಕ್ಷರ ಮಾತ ಕೇಳಿ ನಾನ ಗಂಧ ಹಚ್ಚಿ ಅಂವಗ ಸಲಹೆ ಕೊಟ್ಟೆ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮತ್ತ ಸುರು ಮಾಡಿದ ನೋಡ್ರಿ!" ಎಂದ ಒಬ್ಬ. ಎಲ್ಲರಿಗಿಂತ ಜೋರಾಗಿ ನಕ್ಕವರು ಅಧ್ಯಕ್ಷರು. ನನ್ನ ಬೆನ್ನು ಸಹ ತಟ್ಟಿದರು.

ತಮ್ಮನ ಹತ್ತಿರ ಹೋದೆ. "ಹೇಳಿದ್ನಲ್ಲಪಾ."

"ನಗಸಾಕ ಹೇಳಿದಿ" ಎಂದು ಅವನು ಮನೆಯ ಕಡೆ ನಡೆದ.

ಇನ್ನೊಮ್ಮೆ ಹೇಳಬೇಕು. ಈ ಸಲ ಯಾರೂ ನಗದ ಹಾಗೆ.